ಆರು ಕಿಲೋಮೀಟರ್ ನಡೆಯುವ ಮಾವ ನೆಲದಿಂದ ಏಳಲಾಗದೆ ಕೂತ ಕಥೆ

2023ರ ನವೆಂಬರ್, ಕಾರ್ತಿಕ ಮಾಸ. ನಂಜನಗೂಡಿನ ಕಡೆ ಒಂದು ಹಳ್ಳಿಯಲ್ಲಿ ನೆಂಟರ ಮನೆ ಗೃಹಪ್ರವೇಶ. ಟೇಬಲ್ ಕುರ್ಚಿ ಇರಲಿಲ್ಲ, ಹೊಸ ಮನೆಯ ಹಜಾರದಲ್ಲಿ ಉದ್ದಕ್ಕೆ ಚಾಪೆ ಹಾಸಿ ಎಲೆ ಹಾಕಿದ್ದರು. ನನ್ನ ಸೋದರಮಾವ ನನ್ನ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತು, ಹೋಳಿಗೆಗೆ ಎರಡೆರಡು ಸಲ ತುಪ್ಪ ಹಾಕಿಸಿಕೊಂಡು ಊಟ ಮಾಡಿದರು. ಪಂಕ್ತಿ ಎದ್ದಿತು. ಮಾವ ಏಳಲಿಲ್ಲ.

ಬಲಗೈ ಎಂಜಲು, ನೆಲಕ್ಕೆ ಊರುವ ಹಾಗಿಲ್ಲ. ಎಡಗೈ ಊರಿ ಮೈ ಎತ್ತಿದರು. ಸೊಂಟ ಒಂದು ಗೇಣು ಮೇಲೆ ಬಂತು, ಚಾಪೆ ಜಾರಿತು, ಧೊಪ್ಪನೆ ಕೂತರು. ಎರಡನೇ ಸಲವೂ ಅದೇ. ಅಷ್ಟರಲ್ಲಿ ಎಲೆ ಎತ್ತುವ ಹುಡುಗ ಬಕೆಟ್ ಹಿಡಿದು ಎದುರಿಗೇ ಬಂದು ನಿಂತ. ಮಾವ ನನ್ನ ಮುಖ ನೋಡಲಿಲ್ಲ, ಎಲೆಯನ್ನೇ ನೋಡುತ್ತಾ ಸಣ್ಣ ದನಿಯಲ್ಲಿ "ಸ್ವಲ್ಪ ಹಿಡ್ಕೊಳ್ಳೋ" ಅಂದರು. ನಾನೂ ಇನ್ನೊಬ್ಬರೂ ಕಂಕುಳಿಗೆ ಕೈ ಹಾಕಿ ಎಬ್ಬಿಸಿದೆವು. ಕಾರಿನಲ್ಲಿ ಮೈಸೂರಿಗೆ ವಾಪಸ್ ಬರುವಾಗ ದಾರಿಯುದ್ದಕ್ಕೂ ಒಂದು ಮಾತಿಲ್ಲ.

65 ವರ್ಷದವರಿಗೆ ಮಂಡಿ ಹಿಡಿಯುವುದರಲ್ಲಿ ಏನು ದೊಡ್ಡ ವಿಷಯ ಅಂತೀರಾ. ಆದರೆ ಈ ಮನುಷ್ಯ ನಮ್ಮ ಇಡೀ ಬಳಗದಲ್ಲೇ ಗಟ್ಟಿ ಆಳು ಅಂತ ಹೆಸರು ಮಾಡಿದವರು. ಬ್ಯಾಂಕಿನಲ್ಲಿ 34 ವರ್ಷ ಕ್ಯಾಷಿಯರ್ ಆಗಿದ್ದು 2018ರಲ್ಲಿ ನಿವೃತ್ತರಾದರು, ಮಾರನೇ ದಿನ ಬೆಳಿಗ್ಗೆಯೇ ಶೂ ಹಾಕಿ ಹೊರಟರು. ಕುವೆಂಪುನಗರದ ಮನೆಯಿಂದ ಕುಕ್ಕರಹಳ್ಳಿ ಕೆರೆಗೆ ಹೋಗಿ, ಕೆರೆ ಏರಿ ಮೇಲೆ ಒಂದು ಸುತ್ತು ಹಾಕಿ ಮನೆ ಸೇರಿದರೆ ಅವರ ಲೆಕ್ಕದಲ್ಲಿ ಆರು ಕಿಲೋಮೀಟರ್. ಮಳೆ ಬರಲಿ, ಚಳಿ ಇರಲಿ, ತಪ್ಪಿಸಿದ್ದಿಲ್ಲ. 2020ರ ಲಾಕ್‌ಡೌನಿನಲ್ಲಿ ಕೆರೆಯ ಗೇಟಿಗೆ ಬೀಗ ಬಿದ್ದಾಗ ತಾರಸಿ ಮೇಲೆ ಎಂಟರ ಆಕಾರದಲ್ಲಿ ಸುತ್ತಿ ಸುತ್ತಿ ಲೆಕ್ಕ ಭರ್ತಿ ಮಾಡಿದವರು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಕಟ್ಟಿದ ಕೆರೆ ಅದು, ಕುವೆಂಪು ಓಡಾಡಿದ ದಾರಿ, ಈಗ ಹೆಜ್ಜಾರ್ಲೆ ನೋಡುತ್ತಾ ನಿವೃತ್ತರೆಲ್ಲ ರಾಜಕೀಯ ಮಾತಾಡುವ ದಾರಿ. ಸುತ್ತು ಮುಗಿದ ಮೇಲೆ ಬಳಗದ ಜೊತೆ ಒಂದು ಪ್ಲೇಟ್ ಇಡ್ಲಿ ವಡೆ. ಕರಗಿಸಿದ್ದೆಲ್ಲ ಅಲ್ಲೇ ವಾಪಸ್ ಬರುತ್ತಿತ್ತು ಅನ್ನುವುದು ನನ್ನ ಅನುಮಾನ, ಅದು ಬೇರೆ ಮಾತು.

ನಾನು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ಎಂಟನೇ ಕ್ಲಾಸಿನ ಹುಡುಗರಿಗೆ ಬಸ್ಕಿ ಹೊಡೆಸುವುದು ಗೊತ್ತು, ವಯಸ್ಸಾದವರ ಮೈ ನನ್ನ ವಿಷಯ ಅಲ್ಲ. ಹಾಗಾಗಿ ಗೆಳೆಯನೊಬ್ಬ ಫಿಸಿಯೋಥೆರಪಿಸ್ಟ್ ಇದ್ದಾನೆ, ಅವನನ್ನು ಕೇಳಿದೆ. ಅವನು ನಗುತ್ತಾ ಕೇಳಿದ್ದು ಇಷ್ಟು: "ನಡೀತಾರೆ ಸರಿ. ಬೇರೆ ಏನು ಮಾಡ್ತಾರೆ?" ಬೇರೆ ಏನೂ ಇಲ್ಲ. "ಮೊದಲು ಅಳತೆ ಮಾಡು, ಆಮೇಲೆ ಮಾತಾಡೋಣ" ಅಂದ.

ಅಳತೆಗೆ ಯಂತ್ರ ಗಿಂತ್ರ ಏನೂ ಬೇಡ. ಊಟದ ಮನೆಯ ಕುರ್ಚಿ, ಸುಮಾರು 43 ಸೆಂ.ಮೀ. ಎತ್ತರದ್ದು, ಗೋಡೆಗೆ ತಾಗಿಸಿ ಇಡಬೇಕು. ಎರಡೂ ಕೈ ಎದೆಗೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ನಿಂತು ಕೂರುತ್ತಾರೆ ಅಂತ ಎಣಿಸಬೇಕು. 65ರಿಂದ 69ರ ಗಂಡಸರಿಗೆ 12ಕ್ಕಿಂತ ಕಡಿಮೆ ಬಂದರೆ ಬೀಳುವ ಅಪಾಯ ಜಾಸ್ತಿ ಅಂತ ಲೆಕ್ಕ. ಮಾವ 9 ಮಾಡಿದರು, ಕೊನೆಯ ಎರಡಕ್ಕೆ ಮುಖ ಕೆಂಪಾಗಿತ್ತು. ಒಂಟಿ ಕಾಲಿನಲ್ಲಿ ನಿಲ್ಲಿಸಿದೆ: ಬಲಗಾಲು 4 ಸೆಕೆಂಡ್, ಎಡಗಾಲು 2. ಎರಡು ಅಂದರೆ ಎರಡೇ, ಕಾಲು ಎತ್ತಿದ್ದೇ ಜೋಲಿ ಹೊಡೆದು ಫ್ರಿಜ್ ಹಿಡಿದುಕೊಂಡರು. ಕೈ ಮೇಲೆತ್ತಿ ಅಟ್ಟದ ಮೇಲಿನ ಡಬ್ಬ ಇಳಿಸಿ ಅಂದರೆ ಬಲ ಭುಜ ಕಿವಿಯ ಮಟ್ಟಕ್ಕೇ ನಿಂತಿತು. ಆದರೆ ನಡಿಗೆ? ಆರು ಕಿಲೋಮೀಟರ್ ಒಂದು ಗಂಟೆ ಎಂಟು ನಿಮಿಷ, ಏದುಸಿರಿಲ್ಲ. ಅವರ ಜೊತೆ ಹೋದ ನನಗೇ ಮೀನಖಂಡ ಹಿಡಿದುಕೊಂಡಿತ್ತು.

ಅಂದರೆ ಗಾಳಿ ಎಳೆಯುವ ಕೆಲಸದಲ್ಲಿ ಇಂಜಿನ್ ಪಕ್ಕಾ, ಭಾರ ಎತ್ತುವ ಕೆಲಸದಲ್ಲಿ ಏನೂ ಇಲ್ಲ. ಯಾಕೆ ಹೀಗೆ ಅಂತ ಗೆಳೆಯ ಬಿಡಿಸಿ ಹೇಳಿದ. ಸಮತಟ್ಟು ದಾರಿಯಲ್ಲಿ ನಡೆಯುವಾಗ ಮಂಡಿ ಅಷ್ಟೇನೂ ಮಡಚುವುದಿಲ್ಲ. ಪೂರ್ತಿ ಮಡಚಿದ ಮಂಡಿಯಿಂದ ಮೈ ಭಾರ ಎತ್ತುವ ಕೆಲಸವೇ ಅಲ್ಲಿಲ್ಲ. ಮೇಲಾಗಿ ನಮ್ಮ ಮಾಂಸಖಂಡದಲ್ಲಿ ನಿಧಾನದ ಎಳೆಗಳು, ಚುರುಕಿನ ಎಳೆಗಳು ಅಂತ ಎರಡು ಥರ ಇವೆ. ನಡಿಗೆಗೆ ಮೊದಲನೆಯವು ಸಾಕು. ಭಾರ ಎತ್ತಲು, ಎಡವಿದಾಗ ಥಟ್ ಅಂತ ಕಾಲು ಮುಂದಿಟ್ಟು ಬೀಳದೆ ಉಳಿಯಲು ಎರಡನೆಯವು ಬೇಕು. ವಯಸ್ಸಾದ ಹಾಗೆ ಮೊದಲು ಸೊರಗುವುದು ಆ ಎರಡನೆಯವೇ. ಮಾವ ಐದು ವರ್ಷ ದಿನಾ ಆರು ಕಿಲೋಮೀಟರ್ ನಡೆದರೂ ಅವುಗಳನ್ನು ಒಂದು ದಿನವೂ ಕೆಲಸಕ್ಕೆ ಕರೆದಿರಲಿಲ್ಲ.

ಇಲ್ಲಿ ಅತ್ತೆಯ ಕಥೆ ಹೇಳದಿದ್ದರೆ ಆಗುವುದಿಲ್ಲ. ನಾವು ಕುರ್ಚಿ ಇಟ್ಟು ಗಡಿಯಾರ ನೋಡುತ್ತಾ ಕೂತಿದ್ದಾಗ ಅಡುಗೆ ಮನೆಯಿಂದ ಬಂದು "ಅದೇನು ಆಟ, ನಾನೂ ಮಾಡ್ತೀನಿ" ಅಂದರು. 62 ವರ್ಷ. ಸೀರೆ ನೆರಿಗೆ ಎತ್ತಿ ಸಿಕ್ಕಿಸಿಕೊಂಡು 14 ಸಲ ಎದ್ದು ಕೂತರು. ಒಂಟಿ ಕಾಲಿನಲ್ಲಿ 20 ಸೆಕೆಂಡ್, ನಗುತ್ತಾ. ಹುಟ್ಟಿದಾಗಿನಿಂದ ಒಂದು ದಿನ ವ್ಯಾಯಾಮ ಅಂತ ಮಾಡಿದವರಲ್ಲ. ಆದರೆ ದಿನಾ ಬಾಗಿಲಿಗೆ ರಂಗೋಲಿ, ನೆಲದ ಮೇಲೆ ಈಳಿಗೆ ಮಣೆ ಹಾಕಿಕೊಂಡು ತರಕಾರಿ ಹೆಚ್ಚುವುದು, ಕೂತು ಏಳುವುದು ದಿನಕ್ಕೆ ಎಷ್ಟು ಸಲವೋ. ಮಾವ 34 ವರ್ಷ ಕೌಂಟರ್ ಹಿಂದಿನ ಎತ್ತರದ ಕುರ್ಚಿಯಲ್ಲಿ, ಆಮೇಲೆ ಮನೆಯ ಸೋಫಾದಲ್ಲಿ. ಆದರೆ ಅದೇ ಅತ್ತೆಯನ್ನು ಮುಂದಿನ ವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿಸಿದರೆ ಇನ್ನೂರು ದಾಟುವಷ್ಟರಲ್ಲಿ ಉಬ್ಬಸ ಬಂದವರ ಹಾಗೆ ಕೂತುಬಿಟ್ಟರು. ಗಂಡನಿಗೆ ಇಲ್ಲದ್ದು ಹೆಂಡತಿಗಿತ್ತು, ಹೆಂಡತಿಗೆ ಇಲ್ಲದ್ದು ಗಂಡನಿಗಿತ್ತು. ಬಗೆಬಗೆಯ ವ್ಯಾಯಾಮ ಮಾಡಿ ಅನ್ನುವುದು ಬೇಜಾರು ಕಳೆಯುವುದಕ್ಕೆ ಅಂತ ನಾನು ಅದುವರೆಗೆ ಅಂದುಕೊಂಡಿದ್ದೆ. ಈ ಇಬ್ಬರನ್ನು ನೋಡಿದ ಮೇಲೆ ಹಾಗೆ ಅನಿಸುವುದಿಲ್ಲ. ನಿಮಗೆ ಯಾವುದು ಸುಲಭವಾಗಿ ಬರುತ್ತದೋ ಅದನ್ನು ನೀವು ಹೇಗೂ ಮಾಡುತ್ತೀರಿ. ಬಾರದೇ ಇರುವುದನ್ನು ವಾರದಲ್ಲಿ ಎಲ್ಲಾದರೂ ತುರುಕಬೇಕು, ಅಷ್ಟೇ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಸಲಹೆಯೂ ಇದೇ. ವಾರಕ್ಕೆ 150ರಿಂದ 300 ನಿಮಿಷ ಬಿರುಸಾದ ನಡಿಗೆಯಂಥದ್ದು, ಕನಿಷ್ಠ ಎರಡು ದಿನ ಮಾಂಸಖಂಡಕ್ಕೆ ಭಾರದ ಕೆಲಸ, 65 ದಾಟಿದವರಿಗೆ ಅದರ ಜೊತೆ ವಾರಕ್ಕೆ ಮೂರು ದಿನವಾದರೂ ಸಮತೋಲನ ಮತ್ತು ಬಲ ಎರಡೂ ಬೆರೆತ ಚಟುವಟಿಕೆ. ಮಾವ ಮೊದಲನೆಯದನ್ನು ಒಂದಕ್ಕೆರಡು ಕಟ್ಟುತ್ತಿದ್ದರು, ಉಳಿದೆರಡು ಖಾತೆ ಸೊನ್ನೆ. ಕ್ಯಾಷಿಯರಿಗೆ ಈ ಭಾಷೆಯಲ್ಲಿ ಹೇಳಿದ ಮೇಲೇ ತಲೆಗೆ ಹೋಗಿದ್ದು.

ಆದರೂ ಒಂದು ತಕರಾರು ಇತ್ತು. "ಈ ವಯಸ್ಸಲ್ಲಿ ಇನ್ನೇನು ತೊಡೆ ಬೆಳೆಯುತ್ತೋ, ಸುಮ್ನಿರು." ಅದಕ್ಕೆ ನನ್ನ ಹತ್ತಿರ ಉತ್ತರ ಇತ್ತು. 1990ರಲ್ಲಿ ಅಮೆರಿಕದ ಬೋಸ್ಟನ್ನಿನಲ್ಲಿ ವೃದ್ಧಾಶ್ರಮದಲ್ಲಿದ್ದ ಹತ್ತು ಜನರಿಗೆ, ಎಲ್ಲರೂ 90ರ ಆಸುಪಾಸಿನವರು, ಎಂಟು ವಾರ ಕಾಲಿಗೆ ಭಾರದ ವ್ಯಾಯಾಮ ಮಾಡಿಸಿದ್ದರು. ಒಂಬತ್ತು ಜನ ಪೂರ್ತಿ ಮಾಡಿದರು, ಕಾಲಿನ ಬಲ ಸರಾಸರಿ ಶೇ. 174ರಷ್ಟು ಹೆಚ್ಚಾಯಿತು. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು "ತೊಂಬತ್ತಾ?" ಅಂತ ಎರಡು ಸಲ ಕೇಳಿದರು.

ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಾರೆ, ಹಾಗಾಗಿ ಡಾಕ್ಟರ ಹತ್ತಿರ ಹೋಗಿ ಇ.ಸಿ.ಜಿ. ಮಾಡಿಸಿ, ಮಂಡಿ ತೋರಿಸಿ, ಮಾಡಬಹುದು ಅನ್ನಿಸಿಕೊಂಡು ಬಂದೆವು. ಅಲ್ಲಿಯವರೆಗೆ ಎಲ್ಲ ಸರಿ. ಆಮೇಲೆ ಆದದ್ದು ಎಡವಟ್ಟು, ಅದರಲ್ಲಿ ನನ್ನ ಪಾಲೂ ಇದೆ.

2024ರ ಫೆಬ್ರವರಿ 16 ರಥಸಪ್ತಮಿ. ಮೈಸೂರು ಅಂದರೆ ಕೇಳಬೇಕೆ, ಅವತ್ತು ಸಾಮೂಹಿಕವಾಗಿ 108 ಸೂರ್ಯನಮಸ್ಕಾರ ಮಾಡುವವರು ಎಷ್ಟೋ ಜನ. ಹುರುಪು ಬಂದಿದ್ದ ಮಾವ ನನಗೆ ಹೇಳದೆ ಅಲ್ಲಿಗೆ ಹೋಗಿದ್ದಾರೆ. ಹುಡುಗನಾಗಿದ್ದಾಗ ಮಾಡುತ್ತಿದ್ದೆ, ಮೈಗೆ ನೆನಪಿರುತ್ತೆ ಅನ್ನುವ ಧೈರ್ಯ. ಮೈಗೆ ನೆನಪಿತ್ತು, 46ರವರೆಗೆ. 47ಕ್ಕೆ ಬಗ್ಗಿದವರು ಹಾಗೇ ಉಳಿದರು. ಸೊಂಟ ಹಿಡಿದುಕೊಂಡು ಎರಡು ವಾರ ಮಲಗಿದರು, ಬಲ ಮಣಿಕಟ್ಟು ಊದಿತ್ತು. ಅತ್ತೆ ನನಗೆ ಫೋನ್ ಮಾಡಿ ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ. ಯೋಗದ ತಪ್ಪಲ್ಲ ಅದು, ಸೊನ್ನೆಯಿಂದ ಒಂದೇ ಜಿಗಿತಕ್ಕೆ ನೂರೆಂಟು ಅಂದದ್ದು ತಪ್ಪು. ಮೊದಲೇ ಒಂದು ವೇಳಾಪಟ್ಟಿ ಬರೆದು ಕೈಗೆ ಕೊಟ್ಟಿದ್ದರೆ ಅಷ್ಟು ದೂರ ಹೋಗುತ್ತಿರಲಿಲ್ಲವೇನೋ.

ಹಾಗಾಗಿ ಮಾರ್ಚ್ ಎರಡನೇ ವಾರ ಮತ್ತೆ ಶುರು, ಈ ಸಲ ನಾಚಿಕೆಯಾಗುವಷ್ಟು ಕಡಿಮೆಯಿಂದ. ದಿನಾ ಇದ್ದ ನಡಿಗೆಯನ್ನು ವಾರಕ್ಕೆ ನಾಲ್ಕು ದಿನಕ್ಕೆ ಇಳಿಸಿದೆವು. ಇದಕ್ಕೆ ಒಪ್ಪಿಸಲು ಪಟ್ಟ ಪಾಡು ಬೇರೆ ಯಾವುದಕ್ಕೂ ಪಡಲಿಲ್ಲ, ಕೆರೆಯ ಬಳಗ "ಏನ್ ಸಾರ್, ಹುಷಾರಿಲ್ವಾ" ಅಂತ ಫೋನ್ ಮಾಡುತ್ತಿತ್ತು. ಸೋಮವಾರ, ಗುರುವಾರ ಬಲದ ಕೆಲಸ. ಕುರ್ಚಿ ಮೇಲೆ ಎರಡು ದಿಂಬು ಇಟ್ಟು ಎದ್ದು ಕೂರುವುದು, ಎಂಟೆಂಟರ ಮೂರು ಸುತ್ತು. ಎರಡು ವಾರ ಬಿಟ್ಟು ಒಂದು ದಿಂಬು ತೆಗೆದೆ. ಆಮೇಲೆ ಇನ್ನೊಂದು. ಆಮೇಲೆ ಕುರ್ಚಿ ಹೋಗಿ ಮೊಮ್ಮಗನ ಪ್ಲಾಸ್ಟಿಕ್ ಸ್ಟೂಲ್ ಬಂತು. ಗೋಡೆಗೆ ಕೈ ಊರಿ ದಂಡ ಹೊಡೆಯುವುದು, ಅದು ಸುಲಭವಾದ ಮೇಲೆ ಅಡುಗೆ ಕಟ್ಟೆಗೆ. ಬಟ್ಟೆ ಚೀಲದಲ್ಲಿ ಎರಡೆರಡು ಕೆ.ಜಿ. ಅಕ್ಕಿ ಹಾಕಿ ಎರಡೂ ಕೈಯಲ್ಲಿ ಹಿಡಿದು ವರಾಂಡದಲ್ಲಿ ಓಡಾಡುವುದು, ಈಗ ಅದು ಆರಾರು ಕೆ.ಜಿ. ಆಗಿದೆ.

ನಾನು ಒಂದೇ ಒಂದು ನಿಯಮಕ್ಕೆ ಹಠ ಹಿಡಿದೆ. ಏಳುವಾಗ ಎಣಿಕೆ ಗಟ್ಟಿಯಾಗಿ ಹೇಳಬೇಕು. ಒಂದು, ಎರಡು, ಮೂರು, ಪಕ್ಕದ ಮನೆಗೆ ಕೇಳಿಸಬೇಕು. ಭಾರ ಎತ್ತುವಾಗ ಉಸಿರು ಬಿಗಿ ಹಿಡಿದರೆ ಬಿ.ಪಿ. ಸರ್ರನೆ ಏರುತ್ತದೆ, ಬಾಯಿಬಿಟ್ಟು ಎಣಿಸುತ್ತಿದ್ದರೆ ಉಸಿರು ಹಿಡಿಯಲು ಆಗುವುದೇ ಇಲ್ಲ. ನೋಟು ಎಣಿಸಿ ಎಣಿಸಿ ಮೌನವಾಗಿ ಎಣಿಸುವುದು ಅಭ್ಯಾಸವಾಗಿದ್ದ ಮನುಷ್ಯನಿಗೆ ಇದು ಬಹಳ ಕಷ್ಟವಾಯಿತು.

ಸಮತೋಲನಕ್ಕೆ ಬೇರೆ ಸಮಯ ಇಡಲಿಲ್ಲ. ಬೆಳಿಗ್ಗೆ ಕಾಫಿ ಫಿಲ್ಟರಿಗೆ ಬಿಸಿನೀರು ಹಾಕಿ ಡಿಕಾಕ್ಷನ್ ಇಳಿಯುವವರೆಗೆ ಕಟ್ಟೆಯ ಅಂಚಿಗೆ ಎರಡು ಬೆರಳು ತಾಗಿಸಿ ಒಂಟಿ ಕಾಲು, ಕಾಲು ಬದಲಿಸುತ್ತಾ. ಹಲ್ಲುಜ್ಜುವಾಗ ಒಂದು ಪಾದದ ಮುಂದೆ ಇನ್ನೊಂದು ಪಾದ, ಹಿಮ್ಮಡಿಗೆ ಬೆರಳು ತಾಗಿಸಿ. ಜಾರುವ ಬಚ್ಚಲಲ್ಲಿ ಬೇಡ, ಹೊರಗಿನ ಸಿಂಕಿನಲ್ಲಿ. ಬುಧವಾರ, ಶನಿವಾರ ಆಸನಗಳು, ಹತ್ತಿರದ ಪಾರ್ಕಿನ ಉಚಿತ ತರಗತಿಯಲ್ಲಿ, ಸೂರ್ಯನಮಸ್ಕಾರ ಆರರಿಂದ ಶುರು, ಇವತ್ತಿಗೂ ಹನ್ನೆರಡು ದಾಟಿಲ್ಲ. ಭುಜಕ್ಕೆ ಬಾಗಿಲ ಚೌಕಟ್ಟು ಹಿಡಿದು ಎಳೆತ. ಭಾನುವಾರ ಷಟಲ್, ಡಬಲ್ಸ್ ಮಾತ್ರ. ಅದು ಆಟಕ್ಕಿಂತ ಜಗಳ ಅನ್ನಬಹುದು, ಆದರೆ ಪಕ್ಕಕ್ಕೆ ಹೆಜ್ಜೆ ಇಡುವುದು, ಥಟ್ ಅಂತ ನಿಲ್ಲುವುದು, ತಿರುಗುವುದು ಇನ್ನೆಲ್ಲೂ ಸಿಗುವುದಿಲ್ಲ. ಎಲಾಸ್ಟಿಕ್ ಪಟ್ಟಿ ಒಂದು ತಂದಿದ್ದೆ, ಈಗ ಅದರಲ್ಲಿ ಹಳೇ ಪೇಪರ್ ಕಟ್ಟಿಟ್ಟಿದ್ದಾರೆ.

ಎಲ್ಲಕ್ಕಿಂತ ಹೆಚ್ಚು ದಿನ ಹಿಡಿದದ್ದು ನೆಲದಿಂದ ಏಳುವುದು. ಇದಕ್ಕೂ ಒಂದು ಕ್ರಮ ಇದೆ ಅಂತ ನನಗೇ ಗೊತ್ತಿರಲಿಲ್ಲ. ಚಕ್ಕಳಮಕ್ಕಳದಿಂದ ನೇರ ಮೇಲಕ್ಕೆ ಜಿಗಿಯಲು ಹೋಗಬಾರದು. ಮೊದಲು ಒಂದು ಪಕ್ಕಕ್ಕೆ ವಾಲಿ ಕೈ ಊರಬೇಕು. ಅಲ್ಲಿಂದ ಎರಡೂ ಮಂಡಿ ಮೇಲೆ ಬರಬೇಕು. ಗಟ್ಟಿ ಕಾಲನ್ನು ಮುಂದೆ ತಂದು ಪಾದ ಪೂರ್ತಿ ಊರಬೇಕು, ಹಿಂದಿನ ಕಾಲಿನ ಬೆರಳು ನೆಲಕ್ಕೆ ಒತ್ತಿರಬೇಕು. ಮುಂದಿನ ತೊಡೆ ಮೇಲೆ ಕೈ ಇಟ್ಟು, ಮೂಗು ಪಾದದ ಬೆರಳಿನ ಮೇಲೆ ಬರುವ ಹಾಗೆ ಬಗ್ಗಿ, ಆಗ ಏಳಬೇಕು. ಜನ ತಪ್ಪು ಮಾಡುವುದು ಇಲ್ಲೇ, ಬೆನ್ನು ನೆಟ್ಟಗೆ ಇಟ್ಟುಕೊಂಡು ಏಳಲು ನೋಡುತ್ತಾರೆ, ಭಾರವೆಲ್ಲ ಹಿಂದೆ ಉಳಿದು ಮತ್ತೆ ಕೂರುತ್ತಾರೆ. ಮಾವ ಮೊದಲು ಮಂಚದ ಪಕ್ಕ ಕೂತು, ಮಂಚದ ಅಂಚು ಹಿಡಿದು ಕಲಿತರು. ಆಮೇಲೆ ಕುರ್ಚಿ ಹಿಡಿದು. ಆಮೇಲೆ ಕೈ ತೊಡೆ ಮೇಲೆ ಮಾತ್ರ. ಬರಿಗೈಯಲ್ಲಿ ಎದ್ದದ್ದು ಜುಲೈ ಕೊನೆಯ ವಾರ, ಆಷಾಢದಲ್ಲಿ. ಅತ್ತೆಯೇ ಸಾಕ್ಷಿ. ಈಳಿಗೆ ಮಣೆ ಹತ್ತಿರ ಹೋಗಿ ಕೂತು, ಎದ್ದು, ಮತ್ತೆ ಕೂತು ತೋರಿಸಿದರಂತೆ. "ಬಂದಿದ್ದೀರಲ್ಲ, ಹಾಗೇ ಹುರುಳಿಕಾಯಿ ಹೆಚ್ಚಿ ಹೋಗಿ" ಅಂದರಂತೆ ಅತ್ತೆ. ಅವತ್ತಿನಿಂದ ವಾರಕ್ಕೆ ಮೂರು ದಿನ ತರಕಾರಿ ಹೆಚ್ಚುವ ಕೆಲಸ ಮಾವನದು. ನನ್ನ ಪ್ರಕಾರ ಇಡೀ ಪ್ರಯೋಗದಲ್ಲಿ ಅತಿ ಹೆಚ್ಚು ಲಾಭ ಆದದ್ದು ಅತ್ತೆಗೆ.

ಊಟದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಅನ್ನ ಸಾರು, ರಾತ್ರಿ ಅದೇ ಅನ್ನ ಅದೇ ಸಾರು ಆದರೆ ಮಾಂಸಖಂಡ ಯಾವುದರಿಂದ ಕಟ್ಟಬೇಕು? ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐ.ಸಿ.ಎಂ.ಆರ್.) ಲೆಕ್ಕದಲ್ಲಿ ದೊಡ್ಡವರಿಗೆ ಮೈ ತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್. ವಯಸ್ಸಾದವರಿಗೆ 1ರಿಂದ 1.2 ಗ್ರಾಂ ಒಳ್ಳೆಯದು ಅನ್ನುವ ತಜ್ಞರಿದ್ದಾರೆ. 71 ಕೆ.ಜಿ.ಯ ಮಾವನಿಗೆ 71 ಗ್ರಾಂ ಅಂತ ಇಟ್ಟುಕೊಂಡೆವು. ಮೂತ್ರಪಿಂಡದ ತೊಂದರೆ ಇರುವವರು ಹೀಗೆ ತಾವೇ ಏರಿಸಿಕೊಳ್ಳಬಾರದು, ಇವರಿಗೆ ಇರಲಿಲ್ಲ. ಹುರುಳಿಕಾಳು ಬಸ್ಸಾರು, ಮೊಳಕೆ ಬಂದ ಹೆಸರುಕಾಳು, ರಾತ್ರಿ ಒಂದು ಲೋಟ ಹಾಲು, ಎರಡು ಮೊಟ್ಟೆ. ಮೊಟ್ಟೆ ಬೇಯಿಸಲು ಹಿತ್ತಲಲ್ಲಿ ಬೇರೆ ಸ್ಟೌ, ಬೇರೆ ಪಾತ್ರೆ. ಅದರ ಬಗ್ಗೆ ಚರ್ಚೆ ಬೇಡ.

ಬೆಟ್ಟದ ಮೆಟ್ಟಿಲು ತಿಂಗಳಿಗೆ ಎರಡು ಸಲ. ಚಾಮುಂಡಿ ಬೆಟ್ಟಕ್ಕೆ ಸಾವಿರಕ್ಕೆ ಸ್ವಲ್ಪ ಮೇಲೆ ಮೆಟ್ಟಿಲು, ಸುಮಾರು ಏಳುನೂರಕ್ಕೆ ದೊಡ್ಡ ನಂದಿ. ಮೊದಲ ಸಲ ಮಾವ ನಂದಿ ಮುಟ್ಟಲು 41 ನಿಮಿಷ, ಉಸಿರಿಗಲ್ಲ, ತೊಡೆ ನಡುಗಿ ಕೂರಬೇಕಾಗಿತ್ತು. ಪ್ರತಿ ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಹೋಗುತ್ತಿದ್ದ ಹೆಂಗಸೊಬ್ಬರು ಇವರನ್ನು ಹಿಂದೆ ಹಾಕಿದ್ದನ್ನು ನಾನು ನೋಡಿದೆ, ಇವರೂ ನೋಡಿದರು, ಇಬ್ಬರೂ ಏನೂ ಹೇಳಲಿಲ್ಲ. ಅತ್ತೆಗೆ ನಾವು ಕೊಟ್ಟ ಔಷಧ ಇದೇ: ಕೆರೆ ಸುತ್ತು ಮತ್ತು ಮೆಟ್ಟಿಲು. ಇಳಿಯುವುದು ಮಾತ್ರ ಇಬ್ಬರಿಗೂ ಬೇಡ ಅಂದೆ. ಇಳಿಯುವಾಗ ತೊಡೆ ಬ್ರೇಕ್ ಹಿಡಿದ ಹಾಗೆ ದುಡಿಯುತ್ತದೆ, ಮಂಡಿ ಚಿಪ್ಪಿನ ಮೇಲೆ ಒತ್ತಡ ಜಾಸ್ತಿ. ಮೇಲಿಂದ ಸಿಟಿ ಬಸ್ ಇದೆ, ಕೂತು ಬಂದರೆ ಯಾರೂ ಬೈಯುವುದಿಲ್ಲ.

ಎಲ್ಲವೂ ಸಲೀಸಾಗಿ ಹೋಗಲಿಲ್ಲ. ಸೆಪ್ಟೆಂಬರಿನಲ್ಲಿ ಎದ್ದು ನಿಂತ ತಕ್ಷಣ ತಲೆಸುತ್ತು ಬರಲು ಶುರುವಾಯಿತು. ಡಾಕ್ಟರು ಬಿ.ಪಿ. ಮಾತ್ರೆಯ ಹೊತ್ತು ಬದಲಿಸಿದ ಮೇಲೆ ನಿಂತಿತು. ಅಕ್ಟೋಬರ್, ನವೆಂಬರ್ ಎರಡು ತಿಂಗಳು ಮಗಳ ಮನೆಗೆ ಬೆಂಗಳೂರಿಗೆ ಹೋದರು, ನಡಿಗೆ ಪೂರ್ತಿ ನಿಂತೇ ಹೋಯಿತು, ಆ ರಸ್ತೆಯಲ್ಲಿ ನಡೆಯುವುದು ನನಗೂ ಭಯ. ಆದರೆ ಬಲ ಕಡಿಮೆಯಾಗಲಿಲ್ಲ. ಮೊಮ್ಮಗ 11 ಕೆ.ಜಿ., ದಿನಕ್ಕೆ ಮೂವತ್ತು ಸಲ ಎತ್ತಿಕೋ ಅನ್ನುತ್ತಾನೆ, ಮೂವತ್ತು ಸಲ ನೆಲಕ್ಕೆ ಇಳಿಸು ಅನ್ನುತ್ತಾನೆ. ಅದಕ್ಕಿಂತ ಒಳ್ಳೆಯ ಜಿಮ್ ಎಲ್ಲಿ ಸಿಗುತ್ತದೆ?

ಮಾವ ಇದನ್ನೆಲ್ಲ ಒಂದು ಉದ್ದನೆಯ ಖಾತೆ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಮಾಡಿದ್ದು ನೀಲಿ ಶಾಯಿ, ತಪ್ಪಿಸಿದ್ದು ಕೆಂಪು. ವಾರಕ್ಕೊಮ್ಮೆ ಅಡಿಗೆರೆ ಎಳೆದು ಮೊತ್ತ. ಅದರಿಂದಲೇ ಈ ಅಂಕಿಗಳು. ಕುರ್ಚಿಯಿಂದ ಏಳುವುದು 2023ರ ಡಿಸೆಂಬರಿನಲ್ಲಿ 9, 2024ರ ಜೂನಿನಲ್ಲಿ 12, ಡಿಸೆಂಬರಿನಲ್ಲಿ 15. ನಂದಿಯವರೆಗೆ 41 ನಿಮಿಷ ಇದ್ದದ್ದು 24. ಭುಜ ಕಿವಿ ದಾಟಿದೆ, ಅಟ್ಟದ ಡಬ್ಬ ಇಳಿಸುತ್ತಾರೆ, ಹತ್ತಿಸುವಾಗ ಇನ್ನೂ ಮುಖ ಕಿವುಚುತ್ತಾರೆ. ತೂಕ ಒಂದೂವರೆ ಕೆ.ಜಿ. ಮಾತ್ರ ಇಳಿದಿದೆ, ಪ್ಯಾಂಟಿನ ಸೊಂಟ ಎರಡು ಇಂಚು. ಬಿ.ಪಿ. ಮಾತ್ರೆ ಬಿಟ್ಟುಹೋಗಿಲ್ಲ, ಅದೇ ಡೋಸ್ ಇದೆ. ವ್ಯಾಯಾಮ ಮಾಡಿ ಮಾತ್ರೆ ಬಿಸಾಕಿದೆ ಅನ್ನುವ ಕಥೆ ಇದಲ್ಲ. ಮಂಡಿ ಕಟಕಟ ಅನ್ನುವುದೂ ನಿಂತಿಲ್ಲ, ನೋವಿಲ್ಲದಿದ್ದರೆ ಶಬ್ದಕ್ಕೆ ಹೆದರಬೇಡಿ ಅಂತ ಗೆಳೆಯ ಹೇಳಿದ್ದಾನೆ. ಅತ್ತೆ ಈಗ ನಂದಿಯವರೆಗೆ ಒಂದೇ ಒಂದು ಕಡೆ ನಿಂತು ಹತ್ತುತ್ತಾರೆ.

ಉಳಿದದ್ದು ಎಡಗಾಲು. ಬಲಗಾಲಿನಲ್ಲಿ ಒಂಟಿ ನಿಲ್ಲುವುದು 4ರಿಂದ 19 ಸೆಕೆಂಡಿಗೆ ಬಂತು. ಎಡಗಾಲು ಒಂದು ವರ್ಷದ ಮೇಲೂ 7ರಲ್ಲೇ ನಿಂತಿದೆ. ಹತ್ತು ಸೆಕೆಂಡ್ ನಮ್ಮ ಗುರಿ. ಗೆಳೆಯ ಪಾದ ಒತ್ತಿ ನೋಡಿ, ಹಿಂದೆ ಯಾವಾಗಲಾದರೂ ಕಾಲು ಮುರಿದಿತ್ತಾ ಅಂತ ಕೇಳಿದ. ಇಲ್ಲವೇ ಇಲ್ಲ ಅಂದರು ಮಾವ. ಒಳಗಿನಿಂದ ಅತ್ತೆ "ಸ್ಕೂಟರಿಂದ ಬಿದ್ದು ಆರು ವಾರ ಪ್ಲಾಸ್ಟರ್ ಹಾಕಿಸ್ಕೊಂಡಿದ್ರಲ್ಲ, ಮಗಳು ಹುಟ್ಟಿದ ವರ್ಷ" ಅಂದರು. ಮಾವನಿಗೆ ನೆನಪೇ ಇರಲಿಲ್ಲ. ಎಡ ಪಾದದ ಕೀಲು ಅವತ್ತಿನಿಂದ ಬಿಗಿಯಾಗಿಯೇ ಇದೆ, ಮೂವತ್ತು ವರ್ಷ ಬಲಗಾಲೇ ಅದರ ಕೆಲಸವನ್ನೂ ಮಾಡಿಕೊಂಡು ಬಂದಿದೆ. ಈಗ ಅದಕ್ಕೆ ಬೇರೆ ಪಾಠ ನಡೆಯುತ್ತಿದೆ: ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿ ಏರಿಸಿ ಇಳಿಸುವುದು, ದಿನಾ ಹದಿನೈದು ಸಲ. ಪುಸ್ತಕದಲ್ಲಿ ಎಡಗಾಲಿನ ಪುಟ ಬೇರೆ ಮಾಡಿದ್ದಾರೆ. ಅದರ ಅಂಕಿ ಮಾತ್ರ ಎಲ್ಲೂ ಬರೆಯಬೇಡ ಕಣೋ ಅಂದಿದ್ದರು, ಬರೆದುಬಿಟ್ಟಿದ್ದೇನೆ.